ಗ್ಯಾಸ್ ಎಲ್ಲಿಗೆ ಹೋಯಿತು

"ಮನೇಲಿ ಯಾರಿಗಾದ್ರೂ ಇದರಿಂದ ಒಂದು ದಿನ ತೊಂದರೆ ಆಯ್ತು ಅನ್ನಿ, ಅವತ್ತೇ ನನ್ನ ಕೈಯಾರೆ ಹೊತ್ತು ಹೊರಗೆ ಹಾಕ್ತೀನಿ" ಎಂದು ಕರ್ಟ್ ಹೆಂಡತಿಗೆ ಮಾತು ಕೊಟ್ಟು ವರ್ಷಗಳೇ ಕಳೆದಿದ್ದವು. ನೆಲಮಾಳಿಗೆಗೆ ಹಳೆಯ ಫ್ರಿಜ್ ಇಳಿಸಿ, ಮನೆಯಲ್ಲೇ ಕುದಿಸಿ ಹುದುಗಿಸಿದ ಬಿಯರಿನ ಎರಡು ಉಕ್ಕಿನ ಪೀಪಾಯಿಗಳನ್ನು ಅದರೊಳಗೆ ಕೂರಿಸಿ, ಬಾಗಿಲಿಗೆ ನಲ್ಲಿ ಜೋಡಿಸಿದ ದಿನ ಅದು. ಆಗ ಮಗಳು ಟೆಸ್ ಮೇಲೆ ಅಪ್ಪ ಅಮ್ಮನ ಪಕ್ಕದ ಕೋಣೆಯಲ್ಲಿ ಮಲಗುತ್ತಿದ್ದಳು. ಈಗ ಅವಳಿಗೆ ಹದಿನೈದು. ಯಾರೂ ಬಂದು ಬಾಗಿಲು ತಟ್ಟದ ಜಾಗ ಬೇಕೆಂದು ಹಟ ಹಿಡಿದು ಅದೇ ನೆಲಮಾಳಿಗೆಯಲ್ಲಿ, ಫ್ರಿಜ್ಜಿನ ಪಕ್ಕದ ಹಲಗೆಗೋಡೆಯ ಆಚೆ, ನೆಲದ ಮೇಲೇ ಹಾಸಿಗೆ ಹಾಕಿಕೊಂಡಿದ್ದಳು.

ಭಾನುವಾರ ಮಧ್ಯಾಹ್ನ ಜೋಲೀನ್ ಒಗೆಯುವ ಬಟ್ಟೆಯ ಬುಟ್ಟಿ ಹೊತ್ತು ಕೆಳಗಿಳಿದಾಗ ಗಂಡ ಮಂಡಿಯೂರಿ ಕೂತಿದ್ದ. ಬಿಯರಿಗೆ ನೊರೆ ತುಂಬುವ ಗ್ಯಾಸಿನ ಖಾಲಿ ಸಿಲಿಂಡರ್ ಬದಿಗಿತ್ತು. ಹೊಸದನ್ನು ಜೋಡಿಸಿ, ಪೈಪಿನ ಉದ್ದಕ್ಕೂ ಸೋಪಿನ ನೀರು ಚಿಮುಕಿಸುತ್ತ ಒಬ್ಬನೇ ಬೈಯುತ್ತಿದ್ದ.

"ಶನಿವಾರ ಬಿಯರ್ ಕ್ಲಬ್ಬಿನ ಸ್ಪರ್ಧೆ. ಬಿಯರ್ ನೋಡಿದ್ರೆ ಕಲಗಚ್ಚಿನ ಥರ ಸಪ್ಪೆ ಕೂತಿದೆ. ಗ್ಯಾಸೆಲ್ಲ ಸೋರಿಹೋಗ್ತಿದೆ ಕಣೇ!"

"ಸೋರ್ತಿದೆ ಅಂತ ಯಾವಾಗ ಗೊತ್ತಾಯ್ತು?"

"ನವೆಂಬರಲ್ಲೇ, ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೂ ಮುಂಚೆನೇ ಅನುಮಾನ ಇತ್ತು. ಹುಡುಕೋಕೆ ಕೂತ್ರೆ ಎಲ್ಲಾ ಬಿಚ್ಚಬೇಕು. ಬಿಯರಿಗೆ ಗ್ಯಾಸ್ ಹಿಡಿಯೋ ಹೊತ್ತಲ್ಲಿ ಯಾರು ಬಿಚ್ತಾರೆ? ಅದಕ್ಕೇ ದೊಡ್ಡ ಸಿಲಿಂಡರ್ ತಂದೆ."

ಜೋಲೀನ್ ಶಾಲೆಯ ಬಸ್ಸು ಓಡಿಸುವವಳು. ಹೊಗೆಯ ಸಣ್ಣ ವಾಸನೆ ಬಂದರೂ ಬಸ್ಸು ನಿಲ್ಲಿಸಿ, ಹಿಮವಿರಲಿ ಏನಿರಲಿ, ಮಕ್ಕಳನ್ನೆಲ್ಲ ರಸ್ತೆಬದಿಗೆ ಇಳಿಸುವವಳು. ಅವಳು ಬುಟ್ಟಿ ಕೆಳಗಿಡಲಿಲ್ಲ.

"ಬಿಯರಿಗೆ ಹೋಗದ ಗ್ಯಾಸು ಎಲ್ಲಿಗೆ ಹೋಯ್ತು ಕರ್ಟ್?"

"ಎಲ್ಲಿಗೆ ಅಂದ್ರೆ? ಇಲ್ಲೇ. ಹೆದರ್ಕೋಬೇಡ, ಇದು ಒಲೆ ಗ್ಯಾಸಲ್ಲ, ಹತ್ಕೊಳ್ಳಲ್ಲ. ನಾವು ಉಸಿರು ಬಿಡ್ತೀವಲ್ಲ, ಅದೇ ಕಾರ್ಬನ್ ಡೈಆಕ್ಸೈಡ್. ಗಾಳಿಗಿಂತ ಭಾರ, ನೆಲ ಹಿಡಿದು ಕೂತಿರುತ್ತೆ, ಅಷ್ಟೇ."

ಬುಟ್ಟಿ ಕೈಜಾರಿತು. ಚಳಿ ನುಗ್ಗದಿರಲೆಂದು ಕಿಟಕಿಗೆ ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದು ಅವಳೇ. ದಿನಾ ಬೆಳಗ್ಗೆ ತಲೆ ಸಿಡಿಯುತ್ತದೆ ಎಂದು ಟೆಸ್ ಅತ್ತಾಗ, ರಾತ್ರಿಯೆಲ್ಲ ಫೋನು ಉಜ್ಜಿದರೆ ಇನ್ನೇನಾಗುತ್ತದೆ ಎಂದು ಅದನ್ನು ಕಿತ್ತಿಟ್ಟುಕೊಂಡದ್ದೂ ಅವಳೇ. ಜೋಲೀನ್ ಹಾಳೆಯನ್ನು ಪರಪರ ಹರಿದು ಕಿಟಕಿ ತೆರೆದಳು. ವಿಸ್ಕಾನ್ಸಿನ್ನಿನ ಜನವರಿ ಗಾಳಿ ಒಳಗೆ ನುಗ್ಗಿತು.

"ಏಯ್, ಮನೆಯೆಲ್ಲ ತಣ್ಣಗಾಗುತ್ತೆ!"

"ನಿನ್ನ ಮಗಳು ನೆಲದ ಮೇಲೆ ಮಲಗ್ತಾಳೆ ಕಣೋ!"

ಹಲಗೆಗೋಡೆಯ ಆಚೆಯಿಂದ ಟೆಸ್ ಕಂಬಳಿ ಹೊದ್ದುಕೊಂಡೇ ಬಂದಳು. "ಏನಿದು ಕೂಗಾಟ?"

"ತಲೆನೋವು ಇದೆಯಾ?"

"ಇರೋದೇ ಅಲ್ವಾ ಅಮ್ಮ. ಸ್ಕೂಲಿಗೆ ಹೋದ್ಮೇಲೆ ಹೋಗುತ್ತೆ. ಸ್ಕೂಲಿಗೆ ಹೋಗಿ ತಲೆನೋವು ಕಳ್ಕೊಳ್ಳೋಳು ಇಡೀ ಊರಲ್ಲಿ ನಾನೊಬ್ಬಳೇ."

"ಸಿಕ್ತು!" ಎಂದು ಕರ್ಟ್ ಕೂಗಿದ. "ಸಿಕ್ತು, ನೋಡ್ರೇ ಇಲ್ಲಿ!" ಸಿಲಿಂಡರಿಗೆ ರೆಗ್ಯುಲೇಟರ್ ಸೇರುವ ಕಡೆ ಸೋಪಿನ ಗುಳ್ಳೆಗಳು ಉಬ್ಬಿ ಉಬ್ಬಿ ಒಡೆಯುತ್ತಿದ್ದವು. "ಅಂಗಿ ಗುಂಡಿಯಷ್ಟು ಪ್ಲಾಸ್ಟಿಕ್ ವಾಷರ್! ಸಿಲಿಂಡರ್ ಬದಲಿಸಿದಾಗೆಲ್ಲ ಹೊಸದು ಹಾಕ್ಬೇಕಿತ್ತು, ಚಪ್ಪಟೆಯಾದ ಹಳೇದನ್ನೇ ಬಿಗಿದೂ ಬಿಗಿದೂ ಇಟ್ಟಿದೀನಿ." ಗ್ಯಾಸು ಬಂದ್ ಮಾಡಿ, ಹೊಸ ವಾಷರ್ ಹಾಕಿ, ಬಿಗಿದು, ಮತ್ತೆ ಗ್ಯಾಸು ಬಿಟ್ಟು ನೀರು ಚಿಮುಕಿಸಿದ. ಒಂದು ಗುಳ್ಳೆಯೂ ಏಳಲಿಲ್ಲ. ಟೆಸ್ ಹುಟ್ಟಿದ ದಿನವೂ ಅವನ ಮುಖ ಇಷ್ಟು ಅರಳಿರಲಿಲ್ಲ ಎನಿಸಿತು ಜೋಲೀನಳಿಗೆ.

"ಈಗ ಹೊತ್ತು ಹೊರಗೆ ಹಾಕು" ಎಂದಳು.

"ರಿಪೇರಿ ಆಯ್ತಲ್ಲ ಮಾರಾಯ್ತಿ! ಹೊರಗಿಟ್ರೆ ಹೆಪ್ಪುಗಟ್ಟಿ ಹೋಗುತ್ತೆ."

"ಹೆಪ್ಪುಗಟ್ಟಲಿ."

"ಜೋ, ಮೂರು ತಿಂಗಳ ಕೆಲಸ ಇದು."

"ಅಲ್ಲಿ ಕಂಬಳಿ ಹೊದ್ದು ನಿಂತಿದಾಳಲ್ಲ, ಅದು ಹದಿನೈದು ವರ್ಷದ ಕೆಲಸ."

"ಶನಿವಾರ ಒಂದು ಕಳೀಲಿ. ಆಮೇಲೆ ನೀನು ಹೇಳಿದ ಹಾಗೆ."

"ಹೋಗ್ಲಿ ಬಿಡಮ್ಮ" ಎಂದಳು ಟೆಸ್. "ಅಲ್ಲೀವರೆಗೆ ನಾನು ಮೇಲ್ಗಡೆ ಸೋಫಾದಲ್ಲಿ ಮಲಗ್ತೀನಿ."

"ನೋಡು!" ಕರ್ಟ್ ತೊಡೆ ತಟ್ಟಿದ. "ಅವಳಿಗೇ ಬೇಜಾರಿಲ್ಲ, ನಿನಗ್ಯಾಕೆ?"

ಜೋಲೀನ್ ಸಿಲಿಂಡರಿನ ತಿರುಪು ತಿರುಗಿಸಿ ಗ್ಯಾಸು ನಿಲ್ಲಿಸಿದಳು. ಫ್ರಿಜ್ಜಿನ ಬಾಗಿಲು ತೆರೆದು ಪೈಪುಗಳನ್ನು ಕಿತ್ತಳು. ತುಂಬಿದ ಪೀಪಾಯಿಯನ್ನು, ಜ್ವರದ ಮಗುವನ್ನು ಎತ್ತಿದಂತೆ, ಎದೆಗವಚಿಕೊಂಡು ಎತ್ತಿದಳು. ಮೆಟ್ಟಿಲಿಗೊಮ್ಮೆ ನಿಂತು, ಗೋಡೆಗೆ ಒರಗಿ ಒರಗಿ ಹತ್ತಿದಳು. ಕರ್ಟ್ ಹಿಂದೆಯೇ ಓಡಿ ಬಂದು ಎರಡೂ ಕೈ ಚಾಚಿದ. ಚಾಚಿದ್ದು ಹೆಂಡತಿಯ ಕಡೆಗಲ್ಲ, ಪೀಪಾಯಿಯ ಕಡೆಗೆ.

"ನಿಧಾನ, ನಿಧಾನ! ಅಲ್ಲಾಡಿಸ್ಬೇಡ್ವೇ, ಅಡಿಯ ಗಸಿ ಎಲ್ಲ ಮೇಲೇಳುತ್ತೆ!"

ಎರಡನೆಯದನ್ನೂ ಅವಳೇ ಹೊತ್ತಳು. ಸಿಲಿಂಡರನ್ನು ತಾಯಿ ಮಗಳು ಆಚೀಚೆ ಹಿಡಿದು ಹಿತ್ತಿಲ ಹಿಮದಲ್ಲಿ ಇಟ್ಟು ಬಂದರು. ಕೈಯಾರೆ ಹೊತ್ತು ಹೊರಗೆ ಹಾಕುತ್ತೇನೆಂದು ಕೊಟ್ಟ ಮಾತನ್ನು ಕರ್ಟ್ ನಡೆಸಿಕೊಡಲಿಲ್ಲ.