ಏಳನೆಯ ದಿನದ ಕುಟ್ಟಾಣಿ

ನೈಲ್ ದಂಡೆಯಲ್ಲಿ ಖರ್ಜೂರ ಕೆಂಪಾಗುವ ಕಾಲ, ಮಧ್ಯಾಹ್ನದ ನಮಾಜು ಮುಗಿದ ಹೊತ್ತು. ಏಳು ದಿನದ ಕೂಸನ್ನು ಜರಡಿಯಲ್ಲಿ ಮಲಗಿಸಿ, ಅಲ್ಲಿನ ಏಳನೆಯ ದಿನದ ಶಾಸ್ತ್ರದಂತೆ ಕುಟ್ಟಿ ಸದ್ದು ಕೇಳಿಸಲು, ಅಜ್ಜಿ ಬಹಾನಾ ಹಿತ್ತಾಳೆಯ ಕುಟ್ಟಾಣಿಯನ್ನು ಅದರ ಕಿವಿಯ ಬಳಿ ತಂದಳು. ಬಾಣಂತಿ ಸೊಸೆ ನಜಾತ್ ಕೂಸಿನ ಮುಖವನ್ನೇ ನೋಡುತ್ತಿದ್ದಳು. ಡಾಕ್ಟರಮ್ಮ ಬಸುರಿಗೆ ಒಗ್ಗುವಂತೆ ಬದಲಿಸಿ ಕೊಟ್ಟ ಮೂರ್ಛೆರೋಗದ ಮಾತ್ರೆಯನ್ನು ಅವಳು ಬಸುರಿನಲ್ಲಿ ಒಂದು ದಿನವೂ ಬಿಟ್ಟಿರಲಿಲ್ಲ. "ನುಂಗೇ ನುಂಗು, ಕಿವುಡು ಕೂಸು ಹೆರ್ತೀಯ" ಎಂದು ಅತ್ತೆ ಬಂದಾಗಲೆಲ್ಲ ಗದರಿಸಿದ್ದಳು.

ಠಣ್! ಕೂಸು ಬೆಚ್ಚಿಬಿದ್ದು, ಕೇರಿಗೇ ಕೇಳುವಂತೆ ಅತ್ತಿತು.

"ಅಬ್ಬಬ್ಬಾ, ಗಂಟಲು ಥೇಟ್ ಅಜ್ಜೀದೇ!" ಎಂದು ನೆರೆಯ ಫಹೀಮಾ ನಕ್ಕಳು.

ಬಹಾನಾ ಮತ್ತೆ ಕುಟ್ಟುತ್ತಾ, ವಾಡಿಕೆಯ ಮಾತಿನ ಕೊನೆಗೆ ತನ್ನದನ್ನೂ ಸೇರಿಸಿದಳು: "ಅಮ್ಮನ ಮಾತು ಕೇಳೇ ಪುಟ್ಟಿ, ಅಪ್ಪನ ಮಾತು ಕೇಳ್ಬೇಡ. ಈ ಅಜ್ಜಿ ಮಾತಂತೂ ಕೇಳ್ಲೇಬೇಡ!"

ಶುಕ್ರವಾರ ಬೆಳಿಗ್ಗೆ, ಮಾತ್ರೆಯನ್ನೂ ಒಂದು ಲೋಟ ನೀರನ್ನೂ ಸೊಸೆಯ ದಿಂಬಿನ ಪಕ್ಕ ಇಟ್ಟು, ಬಹಾನಾ ತನ್ನೂರಿಗೆ ಹೊರಟಳು.