ತಂಪು ಮನೆ ಯೋಜನೆ

ತೋಟದ ಕೂಲಿಯವರಿಗೆಂದು ಸರ್ಕಾರ ಕಟ್ಟಿಸಿಕೊಟ್ಟ, ಫ್ಯಾನಿಲ್ಲದೆಯೂ ತಂಪಾಗಿರುವ ಮನೆಯನ್ನು ನೋಡಲು ಏಪ್ರಿಲ್ ಬಿಸಿಲಲ್ಲಿ ಅಧಿಕಾರಿ ಬಂದರು. ಮನೆ ಸಿಕ್ಕಿದ್ದ ಚಿಕ್ಕತಾಯಮ್ಮ ಬಾಗಿಲಲ್ಲೇ ತಡೆದಳು.

"ಕೈಕಾಲು ತೊಳ್ಕಂಡು ಬನ್ನಿ ಬುದ್ಧಿ. ಒಳಗೆ ಸಿಗರೇಟು ಸೇದಂಗಿಲ್ಲ."

"ಸರ್ಕಾರದ ಮನೇನ ಹೀಗೆ ನೋಡ್ಕೋಬೇಕ್ರೀ!" ಎಂದು ಅಧಿಕಾರಿ ಜೊತೆಯವರಿಗೆ ಹೇಳಿ, ಖುಷಿಯಿಂದ ಕಾಲು ತೊಳೆದರು.

ಒಳಗೆ ಹಾಯೆನಿಸಿತು. ಗೋಡೆಯುದ್ದಕ್ಕೂ ಜೋಡಿಸಿದ ತಟ್ಟೆಗಳಲ್ಲಿ ರೇಷ್ಮೆಹುಳಗಳು ಸೊಪ್ಪು ಮೇಯುತ್ತಿದ್ದವು.

"ಇದೇನಮ್ಮ? ಮನೆ ನಿನ್ನದಲ್ವಾ?"

"ಮನೆ ನಂದೇ ಬುದ್ಧಿ. ಹುಳ ತೋಟದ ಸಾಹುಕಾರ್ರದು."

"ಮತ್ತೆ ನೀವೆಲ್ಲಿ ಮಲಗ್ತೀರಿ?"

ಅವಳು ಎದುರಿಗಿದ್ದ ತಗಡಿನ ಶೆಡ್ಡು ತೋರಿಸಿದಳು.

"ಈ ಸೆಕೇಲಿ ಅದರೊಳಗಾ?"

"ಇನ್ನೇನ್ ಮಾಡಾದು ಬುದ್ಧಿ? ಅಲ್ಲಿಟ್ರೆ ಹುಳ ಸತ್ತೋಯ್ತವೆ."