ಅರಿಹಂತನ ಬೋರ್ಡು

ಹೊತ್ತು ಮುಳುಗಲು ಇನ್ನು ಐವತ್ತೇ ನಿಮಿಷ. ಸಾಂಗ್ಲಿ-ಮಿರಜ ರಸ್ತೆಯ ಮಂಗಲ ಕಾರ್ಯಾಲಯದಲ್ಲಿ ಮದುವೆ ಊಟದ ಕೌಂಟರು ಎರಡಿದ್ದವು. ಬಲಗಡೆಯ ಸಾಲು ಚಪ್ಪಲಿ ಬಿಡುವ ಜಾಗ ದಾಟಿ ಗೇಟು ಮುಟ್ಟಿತ್ತು. ಎಡಗಡೆ ಫೋಟೊ ತೆಗೆಯುವ ಜ್ಯೋತೆಪ್ಪ ಕುಂಬಾರ ಒಬ್ಬನೇ ನಿಂತು ಮೂರನೇ ಸಲ ಬಾಸುಂದಿ ಹಾಕಿಸಿಕೊಳ್ಳುತ್ತಿದ್ದ.

ಇದೆಲ್ಲ ಅರಿಹಂತನ ಘನಕಾರ್ಯ. ತಂಗಿ ಸೋನಲಳ ಮದುವೆಯಲ್ಲಿ ಊಟದ ಉಸ್ತುವಾರಿ ತನಗೇ ಬೇಕೆಂದು ಹಟ ಹಿಡಿದು ಪಡೆದಿದ್ದ. ಮಿರಜಿನ ಆಫೀಸುಗಳಿಗೆ ಇಂಟರ್ನೆಟ್ ತಂತಿ ಎಳೆದು, ಎರಡು ತಂತಿಗಳನ್ನು ಜೋಡಿಸಿ ಒಂದೇ ಎಂಬಂತೆ ಓಡಿಸುವವನು ಅವನು. ಮಾಹಿತಿಯನ್ನು ಖಾಲಿ ಕಂಡ ತಂತಿಗೆಲ್ಲ ನುಗ್ಗಲು ಬಿಟ್ಟರೆ ಒಂದೇ ಸಂದೇಶದ ತುಂಡುಗಳು ಹಿಂದುಮುಂದಾಗುತ್ತವೆ. ಅದಕ್ಕೇ ಏನಾದರೂ ಗುರುತು ನೋಡಿ ಇದು ಇತ್ತ, ಅದು ಅತ್ತ ಎಂದು ಹಂಚಬೇಕು. ಮದುವೆಯಲ್ಲೂ ಮನೆಮಂದಿ ಚದುರಬಾರದೆಂದು ಅದೇ ವಿದ್ಯೆ ತೋರಿಸಿ ಬೋರ್ಡು ಬರೆಸಿದ್ದ: ಅಡ್ಡಹೆಸರು ‘ಅ’ದಿಂದ ‘ನ’ದವರೆಗೆ ಎಡಗಡೆ, ‘ಪ’ದಿಂದ ‘ಳ’ದವರೆಗೆ ಬಲಗಡೆ. ಬೀಗರು ಪಾಪ ಮರ್ಯಾದಸ್ಥರು, ಬೋರ್ಡು ಮೀರಲಿಲ್ಲ.

ಸಂಕಟ ಬಂದದ್ದು ಅವನ ಅಜ್ಜಿ ಇಂದುಬಾಯಿಗೆ. ಎಂಬತ್ತೊಂದು ವರ್ಷದ ಈ ಜೈನ ಮುದುಕಿ ಹೊತ್ತು ಮುಳುಗಿದ ಮೇಲೆ ಒಂದು ತುತ್ತೂ ಮುಟ್ಟಿದವಳಲ್ಲ. ಬೀಗರೆಲ್ಲ ಉಣ್ಣದ ಹೊರತು ತಾನು ಉಣ್ಣುವವಳೂ ಅಲ್ಲ. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಸಾಲು ಕರಗದಿದ್ದರೆ ನಾಳೆಯವರೆಗೆ ಬರೀ ಹೊಟ್ಟೆಯೇ ಗತಿ. ಅರಿಹಂತ ಆಕೆಯ ಹತ್ತಿರ ಬಂದ.

“ಆಜಿ, ನೀವರ ಉಣ್ರಿ.”

“ಬೀಗರು ಹಸಗೊಂಡು ನಿಂತಾರ, ನಾ ಉಣ್ಣಲೇನ? ಸಾಲು ಯಾಕ ಮುಂದ ಹೋಗವಲ್ದು?”

“ತಿಳೀವಲ್ದು ಆಜಿ. ನಿಯಮ ಬರೋಬ್ಬರಿ ಐತಿ.”

“ಆ ಕೆಂಪು ರುಮಾಲಿನವರದು ಅಡ್ಡಹೆಸರು ಏನು?”

“ಪಾಟೀಲ.”

“ಅವರ ಹಿಂದಿನವರದು?”

“ಅವರೂ ಪಾಟೀಲ.”

“ನಿಂದು?”

ಅರಿಹಂತ ಪಾಟೀಲ ತಿರುಗಿ ತನ್ನ ಬೋರ್ಡು ನೋಡಿದ.

“ಶಾಣ್ಯಾ ಅಂದ್ರ ಶಾಣ್ಯಾ! ಎಲ್ಲಾರದೂ ಒಂದ ಇರೂದನ್ನ ಕೇಳಿ ಹ್ಯಾಂಗ ಹಂಚತೀಯೋ? ಬ್ಯಾರೆ ಬ್ಯಾರೆ ಇರೂದನ್ನ ಕೇಳು!”

ಅರಿಹಂತ ಓಡಿಹೋಗಿ ಬೋರ್ಡು ಕಿತ್ತೆಸೆದು ಕುರ್ಚಿ ಹತ್ತಿದ. “ಮನೀ ಹಿರಿಯರ ಮೊಬೈಲ್ ನಂಬರಿನ ಕಡೀ ಅಂಕಿ ನೋಡ್ರಿ! ಸಮ ಇದ್ದರ ಎಡಕ್ಕ, ಬೆಸ ಇದ್ದರ ಬಲಕ್ಕ! ಮನೀಮಂದಿ ಎಲ್ಲಾ ಹಿರಿಯರ ಸಂಗಾಟ!” ಅದನ್ನೇ ಮರಾಠಿಯಲ್ಲೂ ಕೂಗಿದ. ಸಾಲು ಎರಡಾಗಿ ಸರಸರ ಸರಿಯತೊಡಗಿತು. ಒಂದು ಮನೆಯಲ್ಲಿ ಮಾತ್ರ ಹಿರಿಯರು ಯಾರೆಂದು ಗಂಡ-ಹೆಂಡತಿಗೆ ಸ್ವಲ್ಪ ಜಟಾಪಟಿಯಾಯಿತು; ಹೆಂಡತಿಯ ನಂಬರು ಗೆದ್ದಿತು.

ಕೊನೆಯ ಬೀಗರೂ ಉಂಡು ಕೈ ತೊಳೆದಾಗ ಇನ್ನೂ ಹನ್ನೆರಡು ನಿಮಿಷವಿತ್ತು. ಅರಿಹಂತ ತಾನೇ ತಟ್ಟೆ ತಂದು ಆಜಿಯ ಮುಂದಿಟ್ಟ. ಆಕೆ ಮೊದಲ ತುತ್ತು ಬಾಯಿಗಿಟ್ಟಾಗ ಅವನಿಗೆ ಜೀವದಲ್ಲಿ ಜೀವ ಬಂತು. ಆಗಲೇ ಬೆಳಗಿನ ಒಂದು ಮಾತು ನೆನಪಾಗಿ ಅವನು ಹಣೆ ಬಡಿದುಕೊಂಡ. ಮಿರಜಿನ ಒಂದು ಆಫೀಸಿನಲ್ಲಿ ಒಂದು ತಂತಿ ತುಂಬಿ ತುಳುಕುತ್ತಿದೆ, ಜೋಡಿ ತಂತಿ ಸುಮ್ಮನೆ ಬಿದ್ದಿದೆ ಎಂದು ಜೊತೆಗೆ ಕೆಲಸ ಮಾಡುವ ಮೃಣಾಲ ಫೋನು ಮಾಡಿದ್ದಳು. ಅವಳಿಗೂ ಇವನು “ನಿಯಮ ಬರೋಬ್ಬರಿ ಐತಿ” ಎಂದೇ ಗದರಿದ್ದ.

ಗಡಬಡಿಸಿ ಫೋನು ಹಚ್ಚಿದ. “ಮೃಣಾಲ, ತಪ್ಪು ನಂದ! ನಾವು ಕಳಿಸಿದವರ ವಿಳಾಸ ನೋಡಿ ಹಂಚಾಕತ್ತೇವಿ. ಆದರ ಅಲ್ಲಿ ಎಲ್ಲಾ ಒಂದ ಪೆಟ್ಟಿಗಿಯಿಂದ ಹೊರಗ ಬರತಾವ, ಎಲ್ಲಾದರದೂ ವಿಳಾಸ ಒಂದ! ಗುರುತು ಬದಲಿ ಮಾಡು. ಮಿರಜದಾಗ ಸಾಲಿನ್ಯಾಗ ನಿಂತವರೂ ಎಲ್ಲಾ ಪಾಟೀಲರ!”

ಆಜಿಯ ಕೈ ತಟ್ಟೆಯಲ್ಲೇ ನಿಂತಿತು. ಆಕೆ ಕಿಟಕಿಯಾಚೆಯ ಬಿಸಿಲನ್ನೊಮ್ಮೆ ನೋಡಿದಳು.

“ಅಯ್ಯ, ಅವರದೂ ಊಟ ಆಗಿಲ್ಲೇನ? ಜಲ್ದಿ ಬರ್ರಿ ಅನ್ನು, ಇನ್ನೂ ಎಂಟು ನಿಮಿಷ ಐತಿ.”